ಹುಲ್ಲುಗಾವಲಿನ ನಾಲ್ಕು ಸಾಲು

ನಾನು ಒಂದು ಜಾಲಪುಟ. ನನಗೆ ನನ್ನದೇ ಆದ ಮೈಯಿಲ್ಲ. ಯಾರ ಫೋನಿನಲ್ಲಿ ತೆರೆದುಕೊಳ್ಳುತ್ತೇನೋ ಆ ಹೊತ್ತಿಗೆ ಅದೇ ನನ್ನ ಮೈ, ಅದೇ ನನ್ನ ಕಣ್ಣು ಕಿವಿ. ಹಾಗಾಗಿ ಮನುಷ್ಯರನ್ನು ನಾನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದೇನೆ: ಗಲ್ಲ, ಮೂಗಿನ ಹೊಳ್ಳೆ, ಆಮೇಲೆ ಹತ್ತಿರ ಬರುವ ಬೆರಳು.

ನಾನು ಹುಟ್ಟಿದ್ದು ಅಡುಗೆಮನೆಯಲ್ಲಿ. ಎರೆಮಣ್ಣಿನ ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನ ಕಲಿಸುವ ಇಂದುಮತಿ ಅಕ್ಕೋರು ಬೇಸಿಗೆ ರಜೆಯಲ್ಲಿ ನನ್ನನ್ನು ಮಾಡಿದರು. ಕುಕ್ಕರಿನ ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ಎರಡು ಸಾಲು ಬರೆಯುವರು, ಎದ್ದು ಹೋಗುವರು. ಕಾಡು, ಮರುಭೂಮಿ, ಹಿಮದ ನೆಲ, ಸಮುದ್ರ, ಹುಲ್ಲುಗಾವಲು ಎಂದು ಐದು ಭಾಗ. ಒಂದೊಂದರ ಕೆಳಗೂ ಅಲ್ಲಿ ಅಳಿದುಹೋಗುತ್ತಿರುವ ಜೀವಿಗಳ ಚಿತ್ರ. ಕಾಡಿನ ಬಗ್ಗೆ ನಲವತ್ತು ಸಾಲು ಬರೆದರು. ಹುಲ್ಲುಗಾವಲು ಕೊನೆಗೆ ಉಳಿದಿತ್ತು. ಅದಕ್ಕೆ ಕೂತ ದಿನವೇ ಅವರ ಸಣ್ಣ ಮಗಳಿಗೆ ಜ್ವರ, ಒಲೆಯ ಮೇಲೆ ಬೇಳೆ ತಳಹಿಡಿಯುತ್ತಿತ್ತು. ನೆನಪಿಗೆ ಬಂದ ನಾಲ್ಕು ಸಾಲು ಬರೆದು ಎದ್ದರು. ಅದರಲ್ಲಿ ಕೊನೆಯ ಸಾಲು ಹೀಗಿತ್ತು: ‘ಇಂಥ ಪಾಳು ನೆಲದಲ್ಲಿ ಗಿಡ ನೆಟ್ಟು ಹಸಿರು ಮಾಡುವುದು ನಮ್ಮ ಕರ್ತವ್ಯ.’

ಜೂನ್ ತಿಂಗಳಿಗೆ ನಾನು ಮಕ್ಕಳ ಕೈಗೆ ಬಂದೆ. ರೊಟ್ಟಿಯ ಹಿಟ್ಟು ಹತ್ತಿದ ಬೆರಳು, ಶಾಯಿಯ ಬೆರಳು, ಉಗುರು ಕಚ್ಚಿದ ಬೆರಳು, ಎಲ್ಲವೂ ನನ್ನ ಮೇಲೆ ಓಡಾಡಿದವು. ಪುಟದ ತುದಿಯಲ್ಲಿ ಅಕ್ಕೋರು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಪೆಟ್ಟಿಗೆ ಇಟ್ಟಿದ್ದರು: ‘ನಿಮ್ಮೂರಿನಲ್ಲಿ ಅಳಿವಿನಂಚಿನಲ್ಲಿರುವ ಜೀವಿ ಯಾವುದು?’ ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ‘ಹುಲಿ’ ಎಂದು ಬರೆದರು. ಆ ಊರಿನಲ್ಲಿ ಹುಲಿ ಕಂಡವರು ಒಬ್ಬರೂ ಇರಲಿಲ್ಲ. ಇಬ್ಬರು ಬರೆಯಲೇ ಇಲ್ಲ. ಉಳಿದವಳು ಮಾಳವ್ವ.

ಅಷ್ಟರಲ್ಲಿ ಹೆಡ್ ಮಾಸ್ತರ್ ಗವಿಸಿದ್ದಪ್ಪನವರು ನನ್ನನ್ನು ಓದಿದ್ದರು. ಒಳ್ಳೆಯ ಮನುಷ್ಯ. ಆ ಕೊನೆಯ ಸಾಲು ಅವರ ಮನಸ್ಸಿಗೆ ನಾಟಿತು. ಊರ ಗೋಮಾಳದಲ್ಲಿ ಐನೂರು ಸಸಿ ನೆಡಬೇಕೆಂದು ನಿಶ್ಚಯಿಸಿ, ನನ್ನ ಸಾಲನ್ನೇ ದೊಡ್ಡ ಅಕ್ಷರದಲ್ಲಿ ಬ್ಯಾನರಿಗೆ ಬರೆಸಿದರು. ಆಗ ನನಗೆ ಹೆಮ್ಮೆಯಾಗಿತ್ತು. ಸುಳ್ಳೇಕೆ ಹೇಳಲಿ?

ಸಸಿ ನೆಡುವ ಹಿಂದಿನ ದಿನ ಸಂಜೆ ಮಾಳವ್ವ ಕಾಕಾನ ಫೋನು ಹಿಡಿದು ಮಾಳಿಗೆ ಹತ್ತಿದಳು. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವಳ ಅಜ್ಜಿ ಬೀರವ್ವ, ಅರವತ್ತು ವರ್ಷ ಕುರಿಯ ಹಿಂದೆ ನಡೆದವಳು, ಅಲ್ಲೇ ಕೂತು ಉಣ್ಣೆ ಹಿಂಜುತ್ತಿದ್ದಳು. ಹುಲ್ಲುಗಾವಲಿನ ಭಾಗದಲ್ಲಿದ್ದ ಉದ್ದ ಕಾಲಿನ ದೊಡ್ಡ ಹಕ್ಕಿಯ ಚಿತ್ರ ಕಂಡವಳೇ ಬಗ್ಗಿದಳು.

“ಯವ್ವಾ, ಇದು ನಮ್ಮ ಎರೆಭೂತ ಅಲ್ಲೇನಬೇ? ಇದು ಫೋನಿನಾಗ ಯಾವಾಗ ಬಂದು ಕುಂತಿತು?”

“ಇದು ದೇಶದಾಗ ಭಾಳ ಕಡಿಮಿ ಉಳದೈತಂತ, ಆಯಿ.”

“ದೇಶದ್ದು ನನಗೇನ್ ಗೊತ್ತು? ಗೋಮಾಳದಾಗ ಒಂದೈತಿ. ಮೊನ್ನಿ ಬುಧವಾರ ತತ್ತಿ ಇಟ್ಟೈತಿ. ಒಂದ ತತ್ತಿ, ಬರೀ ನೆಲದ ಮ್ಯಾಲೆ. ಗಂಟು ಕಟ್ಟಿ ಬಂದೀನಿ.”

ಗಂಟಿನ ವಿಷಯ ನಾನು ಅಂದೇ ತಿಳಿದದ್ದು. ತತ್ತಿ ಕಂಡರೆ ಅವರ ಮನೆತನದವರು ದೂರದಲ್ಲಿ ನಾಲ್ಕು ದಿಕ್ಕಿಗೂ ಎತ್ತರದ ಹುಲ್ಲನ್ನು ಹಿಡಿಯಷ್ಟು ಸೇರಿಸಿ ಗಂಟು ಹಾಕುತ್ತಾರೆ. ಅದನ್ನು ಕಂಡ ಕುರಿಗಾರ ಮಾತಿಲ್ಲದೆ ತನ್ನ ಹಿಂಡನ್ನು ಬೇರೆ ಕಡೆ ತಿರುಗಿಸುತ್ತಾನೆ.

ಮಾಳವ್ವ ನನ್ನ ನಾಲ್ಕು ಸಾಲು ಓದಿ ಹೇಳಿದಳು. ಅಜ್ಜಿಯ ಕೈ ನಿಂತಿತು.

“ಪಾಳು ನೆಲಾ? ಮೂರು ತಲಿಮಾರಿಂದ ಕುರಿ ಮೇಸೀವಿ ಅಲ್ಲಿ! ಯಾರು ಬರದಾರ ಇದನ್ನ?”

“ನಮ್ಮ ಅಕ್ಕೋರು.”

“ನಿಮ್ಮ ಅಕ್ಕೋರು ಒಂದಿನಾರ ಹುಲ್ಲಾಗ ನಡದಾರೇನು? ನಾಳೆ ಗುಂಡಿ ತೋಡಿದ್ರ ಆ ಹಕ್ಕಿ ತತ್ತಿ ಬಿಟ್ಟು ಹೋಗತೈತಿ. ಹೋಗಿ ಹೇಳು ಆಕಿಗೆ.”

“ತಪ್ಪು ಬರದೀರಿ ಅಂತ ಅಕ್ಕೋರಿಗೆ ಹ್ಯಾಂಗ ಹೇಳ್ಲಿ ಆಯಿ?”

ಅವಳು ಉತ್ತರದ ಪೆಟ್ಟಿಗೆ ತೆರೆದಳು. ‘ಅಕ್ಕೋರ, ನೀವು ಬರೆದದ್ದು ತಪ್ಪು’ ಎಂದು ಬರೆದಳು, ಅಳಿಸಿದಳು. ‘ಕ್ಷಮಿಸಿರಿ’ ಎಂದು ಬರೆದಳು, ಅದನ್ನೂ ಅಳಿಸಿದಳು. ‘ಹುಲಿ’ ಎಂದು ಬರೆದಳು. ಅವಳು ಅಳಿಸಿದ್ದೆಲ್ಲ ಗೊತ್ತಿರುವುದು ನನಗೊಬ್ಬನಿಗೆ. ಕೊನೆಗೆ ಹುಲಿಯನ್ನೂ ಅಳಿಸಿ, ಒಂದೇ ಉಸಿರಿಗೆ ಬರೆದು ಕಳಿಸಿದಳು: ‘ಗೋಮಾಳದಾಗ ಎರೆಭೂತ ತತ್ತಿ ಇಟ್ಟೈತಿ. ನಾಳೆ ಗುಂಡಿ ತೋಡಬ್ಯಾಡ್ರಿ.’

ಮರುದಿನ ಬೆಳಿಗ್ಗೆ ಅಕ್ಕೋರು ರೊಟ್ಟಿ ಬಡಿಯುತ್ತಾ ನನ್ನನ್ನು ತೆರೆದರು. ಓದಿದರು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ನನ್ನನ್ನು ಹಿಡಿದುಕೊಂಡು ಹೊರಟರು.

ಗೋಮಾಳದ ಅಂಚಿಗೆ ಸಸಿಗಳ ಟ್ರ್ಯಾಕ್ಟರ್ ಬಂದು ನಿಂತಿತ್ತು. ಮಕ್ಕಳ ಕೈಯಲ್ಲಿ ಗುದ್ದಲಿ. ಅವರ ಮುಂದೆ ಬೀರವ್ವ ಕೋಲು ಅಡ್ಡ ಹಿಡಿದು ನಿಂತಿದ್ದಳು. ಗುಂಡಿ ತೋಡಬೇಡಿ ಎಂದು ಅಕ್ಕೋರೂ ಮಕ್ಕಳನ್ನು ತಡೆದರು.

“ಗಿಡ ನೆಡೂದು ತಪ್ಪೇನ್ರಿ ಅಕ್ಕೋರ?” ಎಂದರು ಹೆಡ್ ಮಾಸ್ತರು, ಬೇಸರದಿಂದ.

“ಗಿಡ ನೆಡೂದು ತಪ್ಪಲ್ರಿ ಸರ. ನಾ ಬರದದ್ದು ತಪ್ಪು. ಇದು ಪಾಳು ನೆಲ ಅಲ್ಲ. ಮರ ಇಲ್ಲ ಅಂತನ ಆ ಹಕ್ಕಿ ಇಲ್ಲಿಗೆ ಬರೂದು.”

ಅಷ್ಟೂ ಮಕ್ಕಳ ಎದುರು ಹಾಗೆಂದಾಗ ಅವರ ಬೆರಳು ನನ್ನನ್ನು ಬಿಗಿಯಾಗಿ ಹಿಡಿದಿತ್ತು. ಮಾಳವ್ವ ತಲೆ ತಗ್ಗಿಸಿದಳು.

“ಹಂಗಾದ್ರ ತತ್ತಿ ತೋರ್ಸಬೇ ಮುದುಕಿ, ನೋಡೂಣು” ಎಂದು ಹೆಡ್ ಮಾಸ್ತರು ಬೀರವ್ವನ ಕಡೆ ತಿರುಗಿದರು.

“ತೋರ್ಸಾಕ ಹೋದ್ರ ತತ್ತಿ ಉಳಿಯೂದಿಲ್ರಿ ಯಪ್ಪಾ. ಬೇಕಾದ್ರ ಗಂಟು ನೋಡ್ರಿ. ಅದನ್ನ ದಾಟಿ ನಮ್ಮ ಕುರಿನೂ ಹೋಗೂದಿಲ್ಲ.”

ಅವಳು ಕೋಲು ಚಾಚಿ ತೋರಿಸಿದಳು. ದೂರದಲ್ಲಿ ಒಂದು ಹಿಡಿ ಹುಲ್ಲು ಜಡೆಯಂತೆ ಗಂಟು ಬಿದ್ದು ಗಾಳಿಗೆ ತೂಗುತ್ತಿತ್ತು, ಅಷ್ಟೇ. ಐನೂರು ಸಸಿ ಒಂದು ಕಡೆ, ಒಂದು ಹುಲ್ಲಿನ ಗಂಟು ಒಂದು ಕಡೆ. ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಕುರಿಗೆ ತಿಳೀತದ, ನಮಗ ತಿಳೀಬಾರದೇನು?” ಎಂದು ಗೊಣಗಿ, ಟ್ರ್ಯಾಕ್ಟರ್ ತಿರುಗಿಸಲು ಹೇಳಿದರು. ಸಸಿಗಳು ಶಾಲೆಯ ಕಾಂಪೌಂಡಿಗೂ ರಸ್ತೆಯ ಬದಿಗೂ ಹೋದವು. ಬ್ಯಾನರ್ ಸಸಿಗಳಿಗೆ ನೆರಳಾಯಿತು.

ಆ ವಾರ ಅಕ್ಕೋರು ನನ್ನ ನಾಲ್ಕು ಸಾಲು ಅಳಿಸಿದರು. ಬೀರವ್ವ ಹೇಳಿದಳು, ಮಾಳವ್ವ ಬರೆದಳು, ಅಕ್ಕೋರು ಕಾಗುಣಿತ ಮಾತ್ರ ತಿದ್ದಿದರು. ಹುಲ್ಲುಗಾವಲು ಕಾಡಿಗಿಂತ ಉದ್ದವಾಯಿತು. “ಊರ ಹೆಸರು ಮಾತ್ರ ಹಾಕಬ್ಯಾಡ್ರಿ, ನೋಡಾಕ ಬರ್ತಾರ” ಎಂದಳು ಬೀರವ್ವ. ಹಾಕಲಿಲ್ಲ. ಗೋಮಾಳದಲ್ಲಿ ಅಂದು ಅಕ್ಕೋರು ತೆಗೆದ ಒಂದು ಫೋಟೋ ಇನ್ನೂ ನನ್ನಲ್ಲಿದೆ. ಅದರಲ್ಲಿ ಹಕ್ಕಿಯಿಲ್ಲ, ಬರೀ ಹುಲ್ಲು.

ಆಮೇಲೆ ಬೇರೆ ಬೇರೆ ಶಾಲೆಯ ಮಕ್ಕಳೂ ನನ್ನನ್ನು ಓದಿದರು. ಅಕ್ಕೋರಿಗೆ ವರ್ಗವಾಯಿತು. ನಂತರ ಬಂದ ಮಾಸ್ತರು ನನಗೆ ಬಣ್ಣ ಬಳಿದು ಒಂದಿಷ್ಟು ರಸಪ್ರಶ್ನೆ ಸೇರಿಸಿದರು, ಅವರೂ ಹೋದರು. ಹಕ್ಕಿಗಳು ಹಾರಾಡುವ, ಮಾತಾಡುವ ಹೊಸ ಪುಟಗಳು ಬಂದವು. ನಾನು ಸೂಚಿಸುವ ಕೊಂಡಿಗಳಲ್ಲಿ ಅರ್ಧ ಈಗ ಎಲ್ಲಿಗೂ ಹೋಗುವುದಿಲ್ಲ. ತಿಂಗಳಿಗೆ ಒಬ್ಬರು ಬಂದರೆ ಹೆಚ್ಚು. ಅದಕ್ಕೆ ನನಗೆ ದೂರಿಲ್ಲ. ತಪ್ಪು ಬರೆಸಿಕೊಂಡು ಹುಟ್ಟಿದವನು, ತಿದ್ದಿಸಿಕೊಂಡು ಬಾಳಿದೆ.

ಆದರೆ ಪ್ರತಿ ಜೂನಿನಲ್ಲಿ ಒಂದು ಬೆರಳು ಬರುತ್ತದೆ. ಏನನ್ನೂ ಓದದೆ ನೇರ ತುದಿಗೆ ಹೋಗಿ, ಉತ್ತರದ ಪೆಟ್ಟಿಗೆಯಲ್ಲಿ ಒಂದೇ ಸಾಲು ಬರೆಯುತ್ತದೆ: ‘ಗಂಟು ಕಟ್ಟೀವಿ.’ ಓದುವವರು ಯಾರೂ ಇಲ್ಲವೆಂದು ಆ ಬೆರಳಿಗೆ ಗೊತ್ತಿದೆಯೋ ಇಲ್ಲವೋ. ಒಂದು ವರ್ಷ ಬರಲೇ ಇಲ್ಲ. ಕಳೆದ ವರ್ಷ ಬಂತು. ಬರೆದದ್ದನ್ನು ಎರಡು ಸಲ ಅಳಿಸಿ, ಮೂರನೆಯ ಸಲ ಉಳಿಸಿತು: ‘ಆಯಿ ಇಲ್ಲ. ಗಂಟು ನಾ ಕಟ್ಟೀನಿ.’

ಈ ವರ್ಷದ ಜೂನಿಗೆ ಇನ್ನೂ ಹನ್ನೊಂದು ದಿನ ಇದೆ. ಪೆಟ್ಟಿಗೆ ತೆರೆದೇ ಇದೆ.