ಮೂರನೆಯ ಸಹಿ

ದೇವರೇ ಕ್ಷಮಿಸು, ನಿನ್ನ ಮನೆಯ ವಿಷಯ ಮಾತಾಡೋಕೆ ನಾನ್ಯಾರು, ಬಟ್ಟೆ ಹೊಲಿಯುವವಳು, ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತವಳು — ಎಂದುಕೊಳ್ಳುತ್ತಲೇ ಅವಳು ಕಿಟಕಿಯ ಬಿಸಿಲು ಮೇಜಿನ ಮೇಲೆ ಜರುಗುವುದನ್ನು ನೋಡಿದಳು, ಕತ್ತರಿ ದಾಟಿತು, ಟೇಪು ದಾಟಿತು, ಈಗ ಚೆಕ್ಕಿನ ಅಂಚಿಗೆ ಬಂದಿದೆ, ಐದು ಗಂಟೆಗೆ ಪಾದ್ರಿಗಳು ಬರುತ್ತಾರೆ, ಅಷ್ಟರೊಳಗೆ ಸಹಿ ಹಾಕಬೇಕು, ಅಥವಾ ಹಾಕಬಾರದು. ಎರಡು ಸಹಿ ಆಗಲೇ ಬಿದ್ದಿವೆ, ಪಾದ್ರಿಗಳದ್ದು ಗಾಳಿಗೆ ಸಿಕ್ಕ ದಾರದ ಹಾಗೆ, ಸಮಿತಿಯ ಹಿರಿಯರಾದ ಮೇಷ್ಟ್ರದ್ದು ಒಂದೊಂದಕ್ಷರವೂ ತರಗತಿಯಲ್ಲಿ ಕೈಕಟ್ಟಿ ಕೂತ ಹಾಗೆ, ಮೂರನೆಯ ಗೆರೆ ಖಾಲಿ, ಅದು ಅವಳದು. ಪುಸ್ತಕದಲ್ಲಿ ಆ ಹಣದ ಹೆಸರು ಸಭೆಯ ಮೀಸಲು ನಿಧಿ, ಜನರ ಬಾಯಲ್ಲಿ ಬರೀ ಗಂಟು, ಗಂಟು ಬಿಚ್ಚಬೇಕಾದರೆ ಮೂವರು ಒಪ್ಪಬೇಕು, ಒಬ್ಬರ ಮನಸ್ಸು ತಪ್ಪಿದರೆ ಇನ್ನಿಬ್ಬರ ಮನಸ್ಸು ಹಿಡಿದು ನಿಲ್ಲಿಸಲಿ ಅಂತ ಹಿಂದಿನವರು ಮಾಡಿದ ಕಟ್ಟಳೆ, ಸಂಜೆ ತರಗತಿಗೆ ಹೋದವಳು, ಓದಿ ನೋಡಿ ಸಹಿ ಹಾಕುತ್ತಾಳೆ ಅಂತ ಅವಳನ್ನು ಮೂರನೆಯವಳನ್ನಾಗಿ ಮಾಡಿದರು, ಓದಿ ನೋಡಿದಳು, ಬೆಳಗಿನಿಂದ ಎಷ್ಟು ಸಲ ಓದಿದಳೋ, ಓದಿದಷ್ಟೂ ತಲೆ ಕಲಸಿಹೋಗುತ್ತಿದೆ.

ಬೆಳಿಗ್ಗೆ ಪಾದ್ರಿಗಳು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು ಸರಿಯಾಗಿಯೇ ಇತ್ತು, ರಟ್ಟಿನ ಡಬ್ಬಿ ಕಾರ್ಖಾನೆ ಬಾಗಿಲು ಹಾಕಿ ಮೂರು ತಿಂಗಳಾಯ್ತು ತಾಯಿ, ನಮ್ಮ ಸಭೆಯಲ್ಲೇ ಹದಿನೇಳು ಮನೆಗೆ ಕೆಲಸ ಇಲ್ಲ, ಕಷ್ಟಕಾಲಕ್ಕೆ ಅಂತ ತಾನೇ ಇಟ್ಟಿದ್ದು, ಇದಲ್ಲದೆ ಇನ್ಯಾವುದು ಕಷ್ಟಕಾಲ, ಜನ ಊರು ಬಿಟ್ಟು ಹೋದ ಮೇಲೆ ಗಂಟಿಗೆ ಉಪದೇಶ ಮಾಡಲಾ? ನಕ್ಕರು, ಅವಳೂ ನಕ್ಕಳು. ಮಧ್ಯಾಹ್ನ ಮೇಷ್ಟ್ರು ಬಂದರು, ಒಳಗೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು, ನೀನು ಮಾತ್ರ ಹಾಕಬೇಡಮ್ಮಾ ಎಂದರು. ನೀವು ಹಾಕಿದ್ದೀರಲ್ಲ ಮೇಷ್ಟ್ರೇ. ಹಾಕಿದೆ ಕಣಮ್ಮಾ, ಮುಖದ ಮುಂದೆ ಪೆನ್ನು ಹಿಡಿದು ನಿಂತರೆ ಏನು ಮಾಡಲಿ, ಹೇಗೂ ಕೊನೆಗೆ ನೀನಿದ್ದೀಯಲ್ಲ ಅಂತ ಹಾಕಿದೆ. ನಾನಿದ್ದೀನಾ? ಆಗ ನೆನಪಾಯಿತು, ಪಾದ್ರಿಗಳು ಕೂಡ ಗೇಟಿನ ತನಕ ಹೋಗಿ ವಾಪಸ್ಸು ಬಂದಿದ್ದರು, ಸರಿ ಕಾಣದಿದ್ದರೆ ಹಾಕಬೇಡಿ ತಾಯಿ, ನನಗೂ ಪೂರ್ತಿ ಧೈರ್ಯ ಇಲ್ಲ, ನೀವು ನೋಡ್ತೀರಲ್ಲ ಅಂತ — ಹಾಗಾದರೆ ಇಬ್ಬರೂ ಸಹಿ ಮಾತ್ರ ತಮ್ಮದು ಹಾಕಿ ಮನಸ್ಸಾಕ್ಷಿಯನ್ನು ಅವಳ ಮೇಜಿನ ಮೇಲೆ ಇಟ್ಟು ಹೋದರು, ಮೂವರು ಮಾಡಬೇಕಾದದ್ದನ್ನು ಒಬ್ಬಳೇ, ಅದೂ ಯಾರು, ಎರಡು ಗುಂಡಿಯಲ್ಲಿ ಯಾವುದು ಒಪ್ಪುತ್ತದೆ ಎಂದು ಅರ್ಧ ದಿನ ಯೋಚಿಸುವವಳು.

ಮೇಷ್ಟ್ರು ಹೇಳಿದ್ದೂ ಸುಳ್ಳಲ್ಲ, ಭಾನುವಾರದ ಪಾಠಕ್ಕೆ ಮಕ್ಕಳು ಕೂರುವ ಕೋಣೆಯ ಹಿಂದಿನ ಗೋಡೆ ಹೊಟ್ಟೆ ಮುಂದಕ್ಕೆ ಚಾಚಿ ನಿಂತಿದೆ, ಮಕ್ಕಳು ಅದಕ್ಕೇ ಒರಗಿ ಹಾಡುತ್ತವೆ, ನಾಳೆ ಗೋಡೆ ಕುಸಿದು ಕೂತರೆ ಯಾವ ಗಂಟು ಬಿಚ್ಚುತ್ತೀಯಮ್ಮಾ? ಅವಳು ಚಿಕ್ಕವಳಿದ್ದಾಗ, ನೆರೆ ಬಂದ ವರ್ಷ, ಸಭೆ ಇದ್ದದ್ದೆಲ್ಲವನ್ನೂ ಒಂದೇ ವಾರದಲ್ಲಿ ಹಂಚಿತು, ಎಲ್ಲರೂ ಹೊಗಳಿದರು, ಮರುವರ್ಷ ಚಾವಣಿ ಸೋರಿದಾಗ ಕೈಯಲ್ಲಿ ಬಿಡಿಗಾಸಿಲ್ಲ, ಬೆಂಚುಗಳನ್ನೆಲ್ಲ ಚಹಾದಂಗಡಿಗೆ ಮಾರಿದರು, ಅಮ್ಮ ಮಂಡಿ ನೋವಿನಲ್ಲಿ ನೆಲದ ಮೇಲೆ ಕೂತಳು, ಪ್ರತಿ ಪ್ರಾರ್ಥನೆಗೂ ಇಬ್ಬರು ಹಿಡಿದೆತ್ತಬೇಕು, ಅಪ್ಪ ಮಾತ್ರ, ನಿಮ್ಮಮ್ಮ ಎದ್ದು ನಿಂತಾಗೆಲ್ಲ ಇಡೀ ಸಭೆಗೆ ಎಚ್ಚರ ಆಗುತ್ತೆ ಬಿಡು ಎನ್ನುತ್ತಿದ್ದ — ಆದರೆ ನೆರೆಯ ವರ್ಷ ಯಾರೂ ಹಸಿದು ಮಲಗಲಿಲ್ಲ, ಅದೂ ನಿಜ, ಇದೂ ನಿಜ, ಎರಡೂ ನಿಜವಾದರೆ ಹೊಲಿಗೆ ಎಲ್ಲಿ ಹಾಕುವುದು. ಅವಳ ಕಸುಬಿನಲ್ಲಾದರೆ ಗೊತ್ತು, ಮಕ್ಕಳ ಬಟ್ಟೆಗೆ ಒಳಗಡೆ ಎರಡು ಬೆರಳಷ್ಟು ಬಟ್ಟೆ ಬಿಡಬೇಕು, ಮಗು ಬೆಳೆದಂತೆ ಬಿಚ್ಚಿಕೊಡಬಹುದು, ಬಿಡದೆ ಹೊಲಿದರೆ ಮೊದಲನೇ ಸಲ ಬಗ್ಗಿದಾಗಲೇ ಪರ್ರೆಂದು ಹರಿಯುತ್ತದೆ. ಬೇಕರಿಯವರ ಮಗಳ ನೀಲಿ ಫ್ರಾಕಿಗೂ ಹಾಗೇ ಬಿಟ್ಟಿದ್ದಳು, ಇನ್ನೂ ಸ್ವಲ್ಪ ದಿನ ಹೋಗಲಿ, ಇನ್ನೂ ಸ್ವಲ್ಪ ದಿನ ಎಂದು ಅವರು ಬಿಚ್ಚಿಸಲೇ ಇಲ್ಲ, ಹುಡುಗಿ ಒಂದೇ ವರ್ಷಕ್ಕೆ ಭುಜದಲ್ಲಿ ಬೆಳೆದುಬಿಟ್ಟಳು, ಹಳೆ ಬಟ್ಟೆ ಕೊಳ್ಳುವವನಿಗೆ ಹಾಕುವ ದಿನ ತಿರುಗಿಸಿ ನೋಡಿದರೆ ಒಳಗಿನ ಮಡಿಕೆ ಅಂಗಡಿಯಿಂದ ಈಗ ತಂದಂತೆ ಗಾಢ ನೀಲಿ, ಯಾರ ಮೈಯನ್ನೂ ಮುಟ್ಟದ ನೀಲಿ.

ಹದಿನೇಳು ಮನೆಗಳ ಪಟ್ಟಿ ಚೆಕ್ಕಿನ ಕೆಳಗಿದೆ, ಹನ್ನೊಂದನೆಯದು ತಂಗಿಯದು. ಅದೇ ಮುಳ್ಳು, ಉಳಿದದ್ದೆಲ್ಲ ಸುತ್ತುಬಳಸು. ಸಹಿ ಹಾಕಿದರೆ, ತಂಗಿ ಮನೆಗೆ ಅಂತ ಹಾಕಿದಳು ಎನ್ನುತ್ತಾರೆ, ಹಾಕದಿದ್ದರೆ ಒಡಹುಟ್ಟಿದವಳ ಮೇಲೂ ಕರುಳಿಲ್ಲ ಎನ್ನುತ್ತಾರೆ, ಅನ್ನಲಿ, ಅನ್ನುವವರ ಬಾಯಿಗೆ ಹೊಲಿಗೆ ಹಾಕೋಕಾಗುತ್ತಾ, ಆದರೆ ತಂಗಿ ಪಟ್ಟಿಯಲ್ಲಿ ಇರದಿದ್ದರೆ ನಾನು ಏನು ಮಾಡುತ್ತಿದ್ದೆ? ಹನ್ನೊಂದನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ಉಳಿದ ಹದಿನಾರನ್ನು ಓದಿದಳು, ನ್ಯಾಯವಾಗಿ ಯೋಚಿಸೋಣ ಅಂತ, ಹೆಬ್ಬೆರಳಿನ ಕೆಳಗೆ ತಂಗಿ ಉಸಿರಾಡುತ್ತಿದ್ದಳು.

ಮೂರು ಗಂಟೆಗೆ ತಂಗಿಯೇ ಬಂದಳು, ಎಂದೋ ಒಯ್ದಿದ್ದ ಕೊಡೆ ಕೊಡುವುದಕ್ಕೆ, ಇವಳು ಗಾಬರಿಯಿಂದ ಚೆಕ್ಕಿನ ಮೇಲೆ ಕತ್ತರಿಸಿಟ್ಟ ಅಂಗಿಯ ಒಂದು ತೋಳಿನ ತುಂಡು ಎಳೆದುಕೊಂಡಳು. ಏನಕ್ಕಾ, ಹೊಲಿಗೆ ಮಿಷನ್ನಿನ ಸದ್ದೇ ಇಲ್ಲ, ನಿಮ್ಮಿಬ್ಬರಿಗೂ ಜಗಳಾನಾ? ಊಟ ಆಯ್ತೇನೇ? ಆಗಲೇ ಆಯ್ತು. ಏನು ಮಾಡಿದ್ದೆ? ಅದೇ, ಏನೋ ಒಂದು. ಮಾಡಿದ ಅಡುಗೆಯನ್ನು ಒಗ್ಗರಣೆಯಿಂದ ಹಿಡಿದು ಅರ್ಧ ಗಂಟೆ ಬಣ್ಣಿಸುವವಳು, ಏನೋ ಒಂದು ಎಂದಳು. ಸಹಿಯ ಮಾತೆತ್ತಲಿಲ್ಲ, ಪಟ್ಟಿಯ ಮಾತೆತ್ತಲಿಲ್ಲ, ಗೊತ್ತಿತ್ತೋ ಇಲ್ಲವೋ, ನಿಂತಲ್ಲೇ ನೀರು ಕೇಳಿದಳು, ಒಂದು ಲೋಟ ಎತ್ತಿ ಗಟಗಟ ಕುಡಿದಳು, ಗಂಟಲು ಮೇಲೆ ಕೆಳಗೆ ಆಡಿತು, ತಾನೇ ಹೂಜಿ ಬಗ್ಗಿಸಿ ಇನ್ನೊಂದು ಲೋಟ ತುಂಬಿ ಅದನ್ನೂ ಕುಡಿದಳು, ನಿಧಾನವಾಗಿ, ಕೊನೆಯ ಹನಿಯ ತನಕ, ಮುಂಗೈಯಿಂದ ತುಟಿ ಒರೆಸಿಕೊಂಡು, ಎಂಥ ಬಿಸಿಲಕ್ಕಾ ಎಂದು ಹೊರಟೇಹೋದಳು. ಏನಾದರೂ ತಿಂದು ಹೋಗೇ ಅನ್ನಬಹುದಿತ್ತು, ಅಂದಿದ್ದರೆ ತಿಳಿಯುತ್ತಿತ್ತು, ತೋಳಿನ ತುಂಡಿನ ಮೇಲೆ ಕೈ ಒತ್ತಿಕೊಂಡೇ ಕೂತಿದ್ದಳು.

ಗೇಟಿನ ಚಿಲಕ ಸದ್ದಾಯಿತು, ಪಾದ್ರಿಗಳು, ಐದು ಆಯಿತೇ ಆಗಲೇ, ಗೋಡೆ, ಮಕ್ಕಳು ಒರಗುವ ಗೋಡೆ, ಅರ್ಧ ಕೊಟ್ಟು ಅರ್ಧ ಇಡೋಣ ಅಂತ ಕೇಳಲೇ, ಕೇಳೋಕೆ ನಾನ್ಯಾರು, ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ, ಚೆಕ್ಕಿನಲ್ಲಿ ಪೂರ್ತಿ ಮೊತ್ತ ಆಗಲೇ ಬರೆದಾಗಿದೆಯಲ್ಲ — ಆಯ್ತಾ ತಾಯಿ? ಪೆನ್ನು ಎಲ್ಲಿ, ದಾರದ ಡಬ್ಬಿಯಲ್ಲಿ, ಸಿಕ್ಕಿತು, ಸಹಿ ಹಾಕಿದಳು, ಕೊನೆಯಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತು. ದೇವರು ಒಳ್ಳೇದು ಮಾಡಲಿ ಎಂದು ಪಾದ್ರಿಗಳು ಹೋದರು, ಯಾರಿಗೆ ಎಂದು ಹೇಳಲಿಲ್ಲ. ಸಭೆ ಗಂಟು ಇಟ್ಟುಕೊಳ್ಳಬೇಕೋ ಬಾರದೋ ಅವಳಿಗೆ ಬೆಳಿಗ್ಗೆಯೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ, ಮೇಷ್ಟ್ರಿಗೆ ಏನು ಹೇಳುವುದು, ಗೋಡೆ ಎಷ್ಟು ದಿನ ನಿಲ್ಲುತ್ತದೆ, ಹದಿನೇಳು ಮನೆಗೆ ಹಾಕಿದೆನೋ, ಒಂದು ಮನೆಗೆ ಹಾಕಿದೆನೋ — ಎತ್ತಿದ ಲೋಟ, ಆಡುವ ಗಂಟಲು, ಖಾಲಿಯಾದ ಮೇಲೆ ಇನ್ನೊಂದು — ಅದು ಬಾಯಾರಿಕೆಯೋ, ಹಸಿವೋ. ಅವಳಿಗೆ ಗೊತ್ತಿಲ್ಲ.