ವಾಸನೆ ಇಲ್ಲ

ನೀರಿನ ಮಾದರಿ ತುಂಬಿದ ಸೀಸೆಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದ. ಗುಳ್ಳೆ ಇತ್ತು. ಮೆಣಸಿನಕಾಳಿನಷ್ಟು ದಪ್ಪ.

"ಮತ್ತೆ ಗುಳ್ಳೆ ಬಿಟ್ಟಿದ್ದೀಯ," ಎಂದ.

"ಬರೀ ಗಾಳಿ ಸಾರ್. ಅದೂ ಬಡವ, ಎಲ್ಲಾದ್ರೂ ಇರ್ಬೇಕಲ್ಲ," ಎಂದು ಕೊಳವೆಬಾವಿಯಿಂದ ನೀರೆತ್ತಿ ಸೀಸೆ ತುಂಬುವ ಪಂಪಿನವನು ಹಲ್ಲು ಬಿಟ್ಟ.

ನೀರಿನಲ್ಲಿರುವ ಪೆಟ್ರೋಲು ಆ ಗಾಳಿಗೇ ಏರಿ ಕೂರುತ್ತದೆ. ಪ್ರಯೋಗಾಲಯದಲ್ಲಿ ಮುಚ್ಚಳ ತೆಗೆದೊಡನೆ ಹಾರಿಹೋಗುತ್ತದೆ. ಉಳಿದ ನೀರು ಸಾಧುವಿನ ಹಾಗೆ ಪಾಸಾಗುತ್ತದೆ. ಇಷ್ಟು ಈ ಪಂಪಿನವನಿಗೆ ಗೊತ್ತಿಲ್ಲವೆ? ಗೊತ್ತಿದ್ದೇ ನಗುತ್ತಿದ್ದಾನೆಯೆ? ಯಾರು ಹೇಳಿಕೊಟ್ಟಿರಬಹುದು?

ಇದು ಕೊನೆಯ ಮಾದರಿ. ಶುದ್ಧವೆಂದು ಬಂದರೆ ಯಂತ್ರವನ್ನು ಬಿಚ್ಚಿ ಲಾರಿಗೆ ಹಾಕುತ್ತಾರೆ. ಈ ಪೆಟ್ರೋಲು ಡಿಪೋದ ಒಡೆದ ಟ್ಯಾಂಕಿನಿಂದ ನೆಲಕ್ಕಿಳಿದ ಎಣ್ಣೆಯನ್ನು ಹೀರಿ ತೆಗೆಯುತ್ತಿರುವುದು ಅದೊಂದೇ. ಗೋಡೆಯ ಆಚೆಗೆ ಅಕ್ಕನ ಮನೆ. ಯಂತ್ರ ಹೋದಮೇಲೆ ಅವಳ ಬಾವಿ ಏನಾಯಿತೆಂದು ನಾಯಿಯೂ ತಿರುಗಿ ನೋಡುವುದಿಲ್ಲ. ಶುದ್ಧವೆಂದು ರುಜು ಹಾಕಬೇಕಾದವನು ಅವನೇ. ರುಜು ಹಾಕುವಷ್ಟು ಅವನನ್ನು ಓದಿಸಲೆಂದು ಅಕ್ಕ ತನ್ನ ಓದು ಬಿಟ್ಟಿದ್ದಳು.

ಬೆಳಗ್ಗೆ ಕಚೇರಿಯ ದೊಡ್ಡವರು ಫೋನಿನಲ್ಲಿ, "ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ," ಎಂದಿದ್ದರು. ನಂಬುವವರು ಫೋನು ಮಾಡಿ ಹೇಳುತ್ತಾರೆಯೆ?

ಚೆಲ್ಲಿ ಮತ್ತೆ ತುಂಬು ಎನ್ನಬಹುದಿತ್ತು.

"ಇರಲಿ, ಪೆಟ್ಟಿಗೆಗೆ ಹಾಕು," ಎಂದ.

ಪಂಪಿನವನು ನಗುವುದನ್ನು ನಿಲ್ಲಿಸಿದ. ಅದು ನಗುವಿಗಿಂತ ಕೆಟ್ಟದಾಗಿತ್ತು.

"ಏನೋ ದೊಡ್ಡ ಮನುಷ್ಯ," ಗೋಡೆಯ ಮೇಲೆ ಅಕ್ಕನ ತಲೆ ಕಾಣಿಸಿತು. "ಇಲ್ಲಿಗೆ ಬಂದೋನಿಗೆ ಮನೆಗೆ ಬರಕ್ಕೆ ಕಾಲು ನೋವಾ?"

ಹೋದ. ಭಾವ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅದೇ ಡಿಪೋದ ಗೇಟಿನಲ್ಲಿ ಅವನಿಗೆ ಕಾವಲು ಕೆಲಸ.

"ನಿಮ್ಮಕ್ಕನಿಗೆ ಎಲ್ಲದ್ರಲ್ಲೂ ವಾಸನೆ ಕಣಯ್ಯ. ನನ್ನ ಷರ್ಟಲ್ಲಿ, ನನ್ನ ಮಾತಲ್ಲಿ, ಈಗ ಬಾವೀಲಿ."

ಅಕ್ಕ ಬಾವಿಯಿಂದ ಸೇದಿದ ನೀರನ್ನು ಚೊಂಬಿನಲ್ಲಿ ತಂದು ತಮ್ಮನ ಮೂಗಿಗೆ ಹಿಡಿದಳು. "ಮೂಸು."

ಮೂಸಿದ. ಏನೂ ಇಲ್ಲ. ವರ್ಷಗಟ್ಟಲೆ ಎಣ್ಣೆಯ ಮಣ್ಣು ಕೆದಕಿ ಅವನ ಮೂಗು ಸತ್ತುಹೋಗಿತ್ತು. ಇದನ್ನು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಜವಾಗಿ ವಾಸನೆ ಇದೆಯೆ? ಈ ಮನೆ ಬಿಡುವುದಕ್ಕೆ ಅಕ್ಕ ಕಟ್ಟಿದ ನೆಪವೆ? ಕೆಲಸ ಉಳಿಸಿಕೊಳ್ಳಲು ಭಾವ ಮೂಗು ಮುಚ್ಚಿಕೊಂಡಿದ್ದಾನೆಯೆ? ಇಬ್ಬರ ಮುಖವನ್ನೂ ನೋಡಿದ. ಎರಡೂ ಸುಳ್ಳು ಹೇಳುವಂತೆ ಕಂಡವು.

"ವಾಸನೆ ಇಲ್ಲ," ಎಂದ.

"ಹಾಗಾದ್ರೆ ಕುಡಿ."

"ಈಗ ತಾನೆ ಟೀ ಆಯ್ತು."

ಅವಳು ಚೊಂಬನ್ನು ಗಂಡನತ್ತ ತಿರುಗಿಸಿದಳು. "ನೀವು?"

"ಡ್ಯೂಟಿಗೆ ಹೊತ್ತಾಯ್ತು ಮಾರಾಯ್ತಿ."

"ಒಂದೇ ಗರಡಿಯೋರು," ಎಂದು ಅಕ್ಕ ನಕ್ಕಳು. ನೀರನ್ನು ಚೆಲ್ಲಿ ಅಡುಗೆಮನೆಗೆ ಹೋದಳು. ಬಂದಾಗ ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಬಾವಿಯ ಮೇಲಿನ ತಗಡನ್ನು ಕಾಲಿನಿಂದ ತಳ್ಳಿದಳು.

"ಮೂಗು ಇಲ್ದಿದ್ರೆ ಹೋಗ್ಲಿ, ಕಣ್ಣಾದ್ರೂ ಇದೆಯಲ್ಲ. ನೋಡಿ."

"ಅಕ್ಕ, ಬೇಡ."

"ಯಾಕೋ ಬೇಡ? ನೀರು ತಾನೆ?"

ಬಾವಿಯೊಳಗೆ ಪೆಟ್ರೋಲಿನ ಆವಿ ತುಂಬಿದ್ದರೆ ಒಂದು ಕಿಡಿ ಸಾಕು. ಹಾಗೆಂದು ಬಾಯಿಬಿಟ್ಟರೆ ರುಜು ಹಾಕುವಂತಿರಲಿಲ್ಲ.

ಕಡ್ಡಿ ಗೀರಿದಳು. ಅವಳ ಮಣಿಕಟ್ಟನ್ನು ಹಿಡಿಯಬೇಕೆಂದು ಅವನು ಕೈ ಚಾಚಿದ. ಕಾಲುಗಳು ಹಿಂದಕ್ಕೆ ನಡೆದವು. ಬೆನ್ನಿಗೆ ಭಾವ ತಾಗಬಹುದೆಂದುಕೊಂಡ. ತಾಗಲಿಲ್ಲ. ಒಂದೇ ಬೂಟಿಗೆ ದಾರ ಕಟ್ಟಿದ್ದ ಭಾವ ಆಗಲೇ ಹೊಸಿಲು ದಾಟಿ ಬಾಗಿಲ ಮರೆಯಲ್ಲಿದ್ದ. ಗೋಡೆಯ ಮೇಲಿಂದ ಇಣುಕುತ್ತಿದ್ದ ಪಂಪಿನವನ ತಲೆ ಸದ್ದಿಲ್ಲದೆ ಕೆಳಗಿಳಿಯಿತು.

ಬಾವಿಯ ಬಾಯಿಗೆ ಕೈ ಚಾಚಿ ಅಕ್ಕ ಒಬ್ಬಳೇ ನಿಂತಿದ್ದಳು. ಅವಳ ಕಣ್ಣು ಹಿಂದೆ ಸರಿದವರ ಮೇಲಿತ್ತು. ಕಡ್ಡಿ ಕಪ್ಪಾಗಿ ಬಾಗುತ್ತ, ಅವಳ ಬೆರಳಿನ ಕಡೆಗೆ ನಿಧಾನವಾಗಿ ಉರಿದು ಬರುತ್ತಿತ್ತು.