ರಸ್ತೆಯ ಆಚೆ ಬದಿ

ಸೈಗಾನ್ ನೋಡಲು ಬರುವವರಿಗೆ ಗೊತ್ತಿರುವಷ್ಟು ಸೈಗಾನ್ ಇಲ್ಲೇ ಹುಟ್ಟಿ ಬೆಳೆದ ನಮಗೆ ಗೊತ್ತಿರುವುದಿಲ್ಲ. ಉತ್ತರದ ಥಾಯ್ ಬಿನ್‌ನಿಂದ ಪ್ರವಾಸ ಬಂದ ನನ್ನ ದೊಡ್ಡಪ್ಪ ಖ್ವಾತ್, ರೈಲ್ವೆ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ನನಗೆ ನನ್ನ ಊರನ್ನು ಪರಿಚಯಿಸಿಬಿಟ್ಟರು. ತಮ್ಮ ಊರಿನ ಧ್ವನಿವರ್ಧಕದಲ್ಲಿ ಬೆಳಗಿನ ಪ್ರಕಟಣೆ ಓದುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಆ ಸುದ್ದಿ ಅವರ ಗಂಟಲಿಗೆ ಮುಟ್ಟಿರಲಿಲ್ಲ. ದೊಡ್ಡಮ್ಮ ನ್ಯನ್ ಮಾತ್ರ ಚೀಲ ತಬ್ಬಿಕೊಂಡು, ಕಾರಿನ ಕಿಟಕಿಗೆ ಮೂಗು ಒತ್ತಿ ಕೂತಿದ್ದರು.

ಮರುದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಫೋ ಎಂಬ ನೂಡಲ್ ಸಾರು ಮಾರುವ ಅಂಗಡಿಗೆ ಕರೆದೊಯ್ದೆ. ಬಟ್ಟಲಿನ ಜೊತೆ ತಟ್ಟೆ ತುಂಬ ಮೊಳಕೆಕಾಳು, ಸೊಪ್ಪು ಬಂತು.

"ಏನಮ್ಮಾ ಇದು? ಫೋ ಕೇಳಿದ್ರೆ ಮೇವು ತಂದಿಡ್ತೀಯಲ್ಲ!" ಎಂದರು ದೊಡ್ಡಪ್ಪ.

"ಬೇಡಾಂದ್ರೆ ಪಕ್ಕಕ್ಕಿಡಿ ತಾತ. ಸಾರು ಹೆಂಗಿದೆ?" ಎಂದಳು ಅಂಗಡಿಯವಳು.

"ಬರೀ ಸಿಹಿ! ಬಾಯಿಗಿಡೋ ಹಾಗಿಲ್ಲ."

"ಬಟ್ಟಲು ಖಾಲಿಯಾಗಿದೆಯಲ್ಲ?"

"ಪರೀಕ್ಷೆ ಮಾಡೋದಕ್ಕೆ ಕುಡಿದೆ."

ಪರೀಕ್ಷೆ ಸಾಲದೆಂದು ಇನ್ನೊಂದು ಬಟ್ಟಲು ತರಿಸಿಕೊಂಡರು.

ಅಲ್ಲಿಂದ ದೊಡ್ಡ ಮಾರುಕಟ್ಟೆಗೆ ಹೊರಟೆವು. ಮಾರುಕಟ್ಟೆ ರಸ್ತೆಯ ಆಚೆ ಇತ್ತು, ನಾವು ಈಚೆ. ನಡುವೆ ಸೈಗಾನಿನ ಮೋಟರ್‌ಬೈಕುಗಳೆಲ್ಲ ಇದ್ದವು. ದೊಡ್ಡಪ್ಪನ ಕೈ ಹಿಡಿಯಲು ಹೋದೆ. ಕೊಡವಿದರು.

"ಮಗಳೇ, ರಸ್ತೆ ದಾಟೋದಕ್ಕೂ ಒಂದು ಕ್ರಮ ಇದೆ. ಸಂದು ಸಿಕ್ಕಾಗ ದಾಟಬೇಕು. ಕಾಯೋಣ."

ಕಾದೆವು. ಸೈಗಾನಿನಲ್ಲಿ ಸಂದು ಸಿಗುವುದು ಹೊಸ ವರ್ಷದ ಹಬ್ಬಕ್ಕೆ, ಎಲ್ಲರೂ ತಂತಮ್ಮ ಊರಿಗೆ ಹೋದ ಮೇಲೆ. ಹಬ್ಬಕ್ಕೆ ಇನ್ನೂ ಅರ್ಧ ವರ್ಷವಿತ್ತು. ದೊಡ್ಡಪ್ಪ ಈ ಊರಿನ ಜನರ ಶಿಸ್ತಿನ ಬಗ್ಗೆ ಭಾಷಣ ಶುರುಮಾಡಿದರು. ಅದು ಮುಗಿಯುವಷ್ಟರಲ್ಲಿ ದೊಡ್ಡಮ್ಮ ಪಕ್ಕದಲ್ಲಿರಲಿಲ್ಲ. ಒಂದು ಕೈ ತುಸು ಮೇಲೆತ್ತಿ, ಅವಸರವಿಲ್ಲದೆ, ಆ ಬೈಕುಗಳ ನಡುವೆ ನಡೆದು ಹೋಗುತ್ತಿದ್ದರು. ಬೈಕುಗಳು ಅವರ ಎಡಕ್ಕೂ ಬಲಕ್ಕೂ ಸರಿದುಕೊಂಡವು. ಆಚೆ ತಲುಪಿದವರೇ ತೆಂಗಿನ ಸಿಹಿ ಕೊಂಡು ತಿನ್ನತೊಡಗಿದರು.

"ಹುಚ್ಚು ಹಿಡಿದಿದೆ ಇವಳಿಗೆ!" ದೊಡ್ಡಪ್ಪ ಬಿಳಚಿಕೊಂಡರು. ನಂತರ ಮೂಲೆಯಲ್ಲಿದ್ದ ಬಾಡಿಗೆ ಬೈಕಿನವನನ್ನು ಕರೆದರು. "ನನ್ನನ್ನ ಆ ಕಡೆ ಬಿಡಪ್ಪ."

"ಯಾವ ಕಡೆ ತಾತ?"

"ಅಗೋ, ಆ ಕಡೆ."

"ಅಲ್ಲೇ ಕಾಣಿಸ್ತಿದೆಯಲ್ಲ!"

"ಕಾಣಿಸ್ತಿದೆ ಅಂತ ನಾನೂ ಹೇಳ್ತಿದೀನಿ. ಬಿಡು."

ಅದು ಏಕಮುಖ ರಸ್ತೆ, ಆಚೆ ಬದಿಗೆ ಬೈಕು ಸುತ್ತಿ ಬರಬೇಕು. ಹೋದವರು ಕಣ್ಮರೆಯಾದರು. ಸಂತೆಯ ಸಂದಿಗೊಂದಿ ದಾಟಿ, ಕಾಲುವೆಯ ಸೇತುವೆ ಹತ್ತಿ, ಶಾಲೆ ಬಿಟ್ಟ ಗದ್ದಲದಲ್ಲಿ ಸಿಕ್ಕಿಕೊಂಡು, ಮಳೆಯಲ್ಲಿ ತೊಯ್ದು ಅವರು ಸೈಗಾನಿನ ಬಹುಪಾಲು ನೋಡಿದರಂತೆ. ಇತ್ತ ದೊಡ್ಡಮ್ಮ ಸಿಹಿ ಮುಗಿಸಿ, ಗಂಡ ಕಾಣಿಸುತ್ತಿಲ್ಲವೆಂದು ಗಾಬರಿಯಾಗಿ, ಮತ್ತೆ ರಸ್ತೆ ದಾಟಿ ನನ್ನ ಬಳಿ ಬಂದರು. ಸರಿಯಾಗಿ ಆಗಲೇ ಆಚೆ ಬದಿಯಲ್ಲಿ ಬೈಕ್ ನಿಂತು, ನೀರು ಸೋರುತ್ತ ದೊಡ್ಡಪ್ಪ ಇಳಿದರು. ಗಂಡ ಆಚೆ, ಹೆಂಡತಿ ಈಚೆ.

"ಅಲ್ಲೇ ಇರೇ! ಅಲ್ಲಾಡಬೇಡ! ನಾನೇ ಬರ್ತೀನಿ!" ಧ್ವನಿವರ್ಧಕವಿಲ್ಲದೆಯೂ ಆ ಕೂಗು ನಮ್ಮವರೆಗೆ ಬಂತು. ಬೈಕಿನವನು ಮಾತ್ರ, "ಇನ್ನೊಂದ್ಸಲ ಆಗಲ್ಲ ತಾತ, ಹಸಿವಾಗ್ತಿದೆ" ಎಂದು ಹೊರಟೇಬಿಟ್ಟನಂತೆ.

ದೊಡ್ಡಮ್ಮ ನಿಟ್ಟುಸಿರು ಬಿಟ್ಟು ಮೂರನೇ ಸಲ ದಾಟಿದರು. ಗಂಡನ ಮಣಿಕಟ್ಟು ಹಿಡಿದು ರಸ್ತೆಗಿಳಿಸಿದರು. ದೊಡ್ಡಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. "ನಿಧಾನ ಕಣೇ, ನಿಧಾನ," ಎನ್ನುತ್ತಿದ್ದ ಆ ದನಿ ನನ್ನವರೆಗೂ ಬರದಷ್ಟು ಸಣ್ಣದಾಗಿತ್ತೆಂದು ದೊಡ್ಡಮ್ಮ ನನಗೆ ಆಮೇಲೆ ಹೇಳಿದರು.

ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ನನ್ನ ಗಂಡನಿಗೆ ವರದಿ ಒಪ್ಪಿಸಿದರು. "ಇವಳು ಪಾಪ, ಹೆದರಿಬಿಟ್ಟಿದ್ಲು. ಕೈ ಹಿಡಿದು ದಾಟಿಸಬೇಕಾಯ್ತು."

ದೊಡ್ಡಮ್ಮ ಮೀನಿನ ಮುಳ್ಳು ಬಿಡಿಸಿ ಅವರ ಬಟ್ಟಲಿಗೆ ಹಾಕಿದರು. "ಹೌದು. ನಾಳೆ ನೀವು ಮನೇಲೇ ಸುಧಾರಿಸ್ಕೊಳ್ಳಿ. ನಾನೊಬ್ಬಳೇ ಹೋಗಿಬರ್ತೀನಿ."

"ಒಬ್ಬಳೇನಾ? ಎಲ್ಲಿಗೆ?"

"ಗೊತ್ತಿಲ್ಲ. ಹೋದ್ಮೇಲೆ ಗೊತ್ತಾಗುತ್ತೆ."

ಮರುದಿನ ದೊಡ್ಡಮ್ಮ ನನ್ನ ಟೋಪಿ ಹಾಕಿಕೊಂಡು ಹೊರಟರು. ದೊಡ್ಡಪ್ಪ ಬಾಲ್ಕನಿಯಲ್ಲಿ ನಿಂತು, ಅವರು ಬೀದಿಯ ತಿರುವು ದಾಟುವವರೆಗೂ ನೋಡಿದರು. ಆಮೇಲೆ ಒಳಗೆ ಬಂದು, ಸೈಗಾನಿನಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ನನಗೆ ವಿವರವಾಗಿ ತಿಳಿಸಿದರು.